‘ಮಾರಿದವರು ಹಡಗಿನಲ್ಲಿ, ಸಿಕ್ಕಿಬಿದ್ದವರು ನನ್ನಲ್ಲಿ’

ಫ್ಲಾರಿಡಾದ ಪೋರ್ಟ್ ಎವರ್‌ಗ್ಲೇಡ್ಸ್ ಬಂದರಿಗೂ ಫೋರ್ಟ್ ಲಾಡರ್‌ಡೇಲ್ ವಿಮಾನ ನಿಲ್ದಾಣಕ್ಕೂ ನಡುವೆ ಇರುವುದು ಸುಮಾರು ಎರಡು ಮೈಲಿ. ಕೆರಿಬಿಯನ್ ದ್ವೀಪಗಳನ್ನು ಸುತ್ತಿಬಂದ ಕ್ರೂಸ್ ಹಡಗುಗಳು ವಾರಾಂತ್ಯದ ಬೆಳಗ್ಗೆ ಅಲ್ಲಿ ಸಾವಿರಗಟ್ಟಲೆ ಜನರನ್ನು ಇಳಿಸುತ್ತವೆ. ಮಧ್ಯಾಹ್ನದ ಹೊತ್ತಿಗೆ ಅವರಲ್ಲಿ ಬಹಳಷ್ಟು ಮಂದಿ ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿರುತ್ತಾರೆ. ಬೆಂಗಳೂರು, ಮೈಸೂರುಗಳಿಂದ ಬಂದ ಅಪ್ಪ-ಅಮ್ಮನಿಗೆ ನಯಾಗರಾ ತೋರಿಸಿದ ಹಾಗೆ ಹಡಗನ್ನೂ ತೋರಿಸುವುದು ಅಮೆರಿಕದ ಮಕ್ಕಳಿಗೆ ಈಗ ವಾಡಿಕೆಯಾಗಿರುವುದರಿಂದ ಆ ಸಾಲಿನಲ್ಲಿ ಕನ್ನಡವೂ ಕಿವಿಗೆ ಬೀಳುತ್ತದೆ. ಎಲ್ಲರ ಬೆಲ್ಟು, ಪರ್ಸು, ಮೊಬೈಲು ಹೊತ್ತು ಎಕ್ಸ್-ರೇ ಯಂತ್ರದೊಳಗೆ ಹೋಗಿಬರುವ ಬೂದು ಬಣ್ಣದ ಪ್ಲಾಸ್ಟಿಕ್ ಟ್ರೇ ಈ ಕಾಲ್ಪನಿಕ ಸಂದರ್ಶನದ ಅತಿಥಿ.

ಪ್ರಶ್ನೆ: ನಮಸ್ಕಾರ. ಮೊದಲು ತಮ್ಮ ಆರೋಗ್ಯ ವಿಚಾರಿಸಬಹುದೇ?

ಟ್ರೇ: ಇದುವರೆಗೆ ವಿಜ್ಞಾನಿಗಳು ಮಾತ್ರ ವಿಚಾರಿಸಿದ್ದರು. 2018ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಹೆಲ್ಸಿಂಕಿ ನಿಲ್ದಾಣದಲ್ಲಿರುವ ನಮ್ಮ ಬಳಗದವರನ್ನು ಒರೆಸಿ ನೋಡಿದರು. ಎಂಟು ಟ್ರೇಗಳಲ್ಲಿ ನಾಲ್ಕರ ಮೇಲೆ ಶೀತ-ಜ್ವರದ ವೈರಸ್ ಸಿಕ್ಕಿತು, ಅಲ್ಲಿನ ಶೌಚಾಲಯಗಳಲ್ಲಿ ಒಂದೂ ಸಿಗಲಿಲ್ಲ. ನಮ್ಮ ಲೆಕ್ಕಪತ್ರ ಮಾತ್ರ ಬಹಳ ಶುಚಿ. ಪ್ರಯಾಣಿಕರು ನಮ್ಮಲ್ಲಿ ಮರೆತುಹೋಗುವ ಚಿಲ್ಲರೆ 2018ರಲ್ಲೂ 2019ರಲ್ಲೂ 9 ಲಕ್ಷ ಡಾಲರ್ ದಾಟಿತ್ತು. ನಿಲ್ದಾಣದ ಭದ್ರತಾ ದಳ ಅದನ್ನು ಸೆಂಟ್ ಸೆಂಟ್ ಎಣಿಸಿ ವರದಿ ಕೊಡುತ್ತದೆ. ತಪಾಸಣೆಯಲ್ಲಿ ತಡೆದದ್ದರಿಂದ ಪಕ್ಕದ ತೊಟ್ಟಿಗೆ ಬಿದ್ದ ಬಾಟಲಿಗಳ ಬೆಲೆಯನ್ನು ಹಾಗೆ ಎಣಿಸುವವರನ್ನು ನಾನಂತೂ ಕಂಡಿಲ್ಲ. ಅದು ಪ್ರಯಾಣಿಕರ ನಷ್ಟ ತಾನೇ, ಯಾರ ಪುಸ್ತಕಕ್ಕೆ ಬರೆಯುತ್ತಾರೆ?

ಪ್ರಶ್ನೆ: ಕ್ರೂಸ್ ಮುಗಿಸಿ ಬಂದವರಲ್ಲಿ ಏನು ವಿಶೇಷ?

ಟ್ರೇ: ಅವರು ಏನನ್ನೂ ಬಚ್ಚಿಟ್ಟಿರುವುದಿಲ್ಲ, ಅದೇ ವಿಶೇಷ. ಒಂದು ರಮ್ ಬಾಟಲಿಯ ಕಥೆ ಕೇಳಿ. ಕೊಂಡದ್ದು ಹಡಗಿನ ಅಂಗಡಿಯಲ್ಲೇ. ರಸೀದಿ ಇದೆ, ಸೀಲ್ ಒಡೆದಿಲ್ಲ. ಹಡಗಿನವರು ಸಾಮಾನ್ಯವಾಗಿ ಅದನ್ನು ಪ್ರಯಾಣ ಮುಗಿಯುವವರೆಗೆ ತಮ್ಮ ಬಳಿಯೇ ಇಟ್ಟುಕೊಳ್ಳುತ್ತಾರೆ. ಗಿರಾಕಿ ಕೋಣೆಯಲ್ಲೇ ಬಾಟಲಿ ತೆರೆದು ಕೂತರೆ ಹಡಗಿನ ಬಾರಿಗೆ ಯಾರು ಹೋಗುತ್ತಾರೆ? ಕೊನೆಯ ರಾತ್ರಿ ಕೈಗೆ ಕೊಡುತ್ತಾರೆ. ದೊಡ್ಡ ಸೂಟ್‌ಕೇಸುಗಳನ್ನು ಕೋಣೆಯ ಹೊರಗಿಡಬೇಕಾದದ್ದೂ ಅದೇ ರಾತ್ರಿ. ಸೂಟ್‌ಕೇಸ್ ಅದರ ದಾರಿ ಹಿಡಿಯುತ್ತದೆ, ಬಾಟಲಿ ಹ್ಯಾಂಡ್‌ಬ್ಯಾಗ್ ಸೇರುತ್ತದೆ. ಬೆಳಗ್ಗೆ ಬಂದರಿನಲ್ಲಿ ಕಸ್ಟಮ್ಸ್. 21 ತುಂಬಿದ ಅಮೆರಿಕ ನಿವಾಸಿಗೆ ಸಾಮಾನ್ಯವಾಗಿ 800 ಡಾಲರ್‌ವರೆಗಿನ ಸಾಮಾನು, ಅದರಲ್ಲಿ ಒಂದು ಲೀಟರ್ ಮದ್ಯ, ಸುಂಕವಿಲ್ಲದೆ ಒಳಗೆ ಬರುತ್ತದೆ. ಕೆಲವು ದ್ವೀಪಗಳಿಂದ ತಂದರೆ ಇನ್ನೂ ಹೆಚ್ಚು. ಅಧಿಕಾರಿ ಹೋಗಿ ಅನ್ನುತ್ತಾರೆ, ಸರ್ಕಾರವೇ ಬಾಟಲಿಗೆ ಅಸ್ತು ಅಂದಿತು ಎಂದು ಇವರು ನಂಬುತ್ತಾರೆ. ಎರಡು ಮೈಲಿ ದಾಟಿ ನನ್ನ ಬಳಿ ಬಂದರೆ, 100 ಮಿಲಿಲೀಟರ್ ಮೀರಿದ ದ್ರವ ಕೈಚೀಲದಲ್ಲಿ ಒಳಗೆ ಹೋಗದು. ತಮಾಷೆಯೆಂದರೆ ಬಂದರಿನ ಆ ಕಸ್ಟಮ್ಸ್, ನಿಲ್ದಾಣದ ಈ ಭದ್ರತಾ ದಳ, ಎರಡೂ ಒಂದೇ ಗೃಹ ಭದ್ರತಾ ಇಲಾಖೆಯ ಕೈಕೆಳಗಿನವು.

ಪ್ರಶ್ನೆ: ಹಾಗಾದರೆ ಆ ಇಲಾಖೆಗೇ ತಲೆಕೆಟ್ಟಿದೆ ಅನ್ನಬಹುದೇ?

ಟ್ರೇ: ಇಲ್ಲ, ಅಷ್ಟು ಸುಲಭವಲ್ಲ. ಹಡಗಿನವರು ನೋಡುವುದು ತಮ್ಮ ವ್ಯಾಪಾರ ಕೆಡುತ್ತದೆಯೇ ಎಂದು. ಕಸ್ಟಮ್ಸ್ ನೋಡುವುದು ಖಜಾನೆಗೆ ಬರಬೇಕಾದ್ದು ಬಂತೇ, ದೇಶದ ಬೆಳೆಗೆ ಹುಳ ಹತ್ತುತ್ತದೆಯೇ ಎಂದು. ನಾನಿರುವ ಕಡೆ ಕೇಳುವುದು ಒಂದೇ ಪ್ರಶ್ನೆ: ಇದು ಸಿಡಿಯುತ್ತದೆಯೇ? ಬಾಟಲಿ ಅದೇ ಆದರೂ ಪ್ರಶ್ನೆ ಬೇರೆಯಾದ್ದರಿಂದ ಉತ್ತರವೂ ಬೇರೆ. ತಾಲ್ಲೂಕು ಕಚೇರಿಯಲ್ಲಿ ಒಂದು ಮೇಜಿನವರು ಸಹಿ ಹಾಕಿದ್ದನ್ನು ಪಕ್ಕದ ಮೇಜಿನವರು ಒಪ್ಪದಿದ್ದರೆ ನಿಮ್ಮವರಿಗೆ ಆಶ್ಚರ್ಯವೇ ಆಗುವುದಿಲ್ಲ. ರಜೆಯ ಗುಂಗಿನಲ್ಲಿ ಮರಳುವಾಗ ಮಾತ್ರ ಮೇಜುಗಳೆಲ್ಲ ಒಂದೇ ಅನ್ನಿಸಿಬಿಡುತ್ತದೆ. ಬೆಂಗಳೂರಿಗೆ ಹೊರಟವರಿಗೆ ದೇವನಹಳ್ಳಿಯಲ್ಲಿ ಮತ್ತೊಂದು ಮೇಜು ಕಾದಿರುತ್ತದೆ. ಅಲ್ಲಿ ಸುಂಕವಿಲ್ಲದ ಮದ್ಯ ಎರಡು ಲೀಟರ್.

ಪ್ರಶ್ನೆ: ಇದೆಲ್ಲ ಜಾಲತಾಣಗಳಲ್ಲಿ ಬರೆದೇ ಇದೆಯಲ್ಲ? ಓದದೆ ಬಂದು ಗೋಳಾಡಿದರೆ ತಪ್ಪು ಯಾರದು?

ಟ್ರೇ: ಬರೆದಿದೆ, ಓದುವ ಹೊಣೆ ಪ್ರಯಾಣಿಕರದ್ದೂ ಹೌದು. ಆದರೆ ಒಬ್ಬೊಬ್ಬರೂ ತಮ್ಮ ಮೇಜಿನ ನಿಯಮವನ್ನಷ್ಟೇ ಬರೆಯುತ್ತಾರೆ. ಎಲ್ಲವನ್ನೂ ಕೂಡಿಸಿ, ಕಳೆದು, ತಾಳೆ ನೋಡುವ ಕೆಲಸ ರಜೆಗೆ ಹೊರಟವರ ಪಾಲಿಗೆ. ನನ್ನ ವಾದ ಬೇರೆ ಇದೆ: ಈ ಗೊಂದಲದಿಂದ ಲಾಭ ಯಾರಿಗೆ, ದಂಡ ಯಾರಿಗೆ ಎಂದು ನೋಡಿ. ಮೆಕ್ಸಿಕೊದ ಕೊಜುಮೆಲ್‌ನಲ್ಲಿ ಕ್ಯೂಬಾದ ಸಿಗಾರ್ ರಾಜಾರೋಷವಾಗಿ ಮಾರುತ್ತಾರೆ. 2020ರ ಸೆಪ್ಟೆಂಬರ್‌ನಿಂದ ಅದನ್ನು ಸ್ವಂತಕ್ಕೆಂದೂ ಅಮೆರಿಕದೊಳಗೆ ತರುವಂತಿಲ್ಲ. ಮಾರಿದವರಿಗೆ ಏನೂ ಆಗುವುದಿಲ್ಲ. 2018ರಲ್ಲಿ ಪ್ಯಾರಿಸ್ಸಿನಿಂದ ಬಂದ ಪ್ರಯಾಣಿಕರೊಬ್ಬರು ವಿಮಾನದವರೇ ತಿಂಡಿಗೆಂದು ಕೊಟ್ಟ ಸೇಬನ್ನು ಚೀಲದಲ್ಲಿಟ್ಟುಕೊಂಡು ಇಳಿದರು. 500 ಡಾಲರ್ ದಂಡ ಬಿತ್ತು. ಕೊಟ್ಟವರಿಗಲ್ಲ, ಇಟ್ಟುಕೊಂಡವರಿಗೆ. ಹಡಗಿನ ಬಫೆಯಲ್ಲೂ ಸೇಬಿನ ರಾಶಿ ಇರುತ್ತದೆ. ದ್ವೀಪ ದ್ವೀಪದ ಖಾರದ ಸಾಸ್, ಜ್ಯಾಮ್, ಲೋಳೆಸರದ ಜೆಲ್ ಎಲ್ಲವೂ ನನ್ನ ಯಜಮಾನರ ಕಣ್ಣಿಗೆ ದ್ರವವೇ. ಅವರ ಪಟ್ಟಿಯಲ್ಲಿ ಕಡಲೆಕಾಯಿ ಬೆಣ್ಣೆ ಕೂಡ ದ್ರವ. ಮಾವಿನ ಮಿಡಿ ಉಪ್ಪಿನಕಾಯಿ ಯಾವ ಜಾತಿ ಎಂದು ಅವರನ್ನು ಕೇಳುವ ಧೈರ್ಯ ನನಗಿಲ್ಲ.

ಪ್ರಶ್ನೆ: ಮಾರುವವರು ಕಾನೂನು ಪಾಠ ಹೇಳಬೇಕೆಂದು ಬಯಸುವುದು ಅತಿಯಲ್ಲವೇ? ನಮ್ಮಲ್ಲೂ ಯಾರೂ ಹೇಳುವುದಿಲ್ಲ.

ಟ್ರೇ: ಒಣ ಕೊಬ್ಬರಿಯನ್ನು ಚೆಕ್-ಇನ್ ಸೂಟ್‌ಕೇಸಿಗೆ ಹಾಕಬಾರದು, ಎಣ್ಣೆಯಂಶದಿಂದ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂಬ ನಿಯಮ ನಿಮ್ಮಲ್ಲಿದೆ. ಮಲ್ಲೇಶ್ವರದ ಅಂಗಡಿಯವರು ಅದನ್ನು ಹೇಳಲಿಲ್ಲವೆಂದು ನಾನು ದೂರುವುದಿಲ್ಲ. ಅವರು ಊರಿಗೆಲ್ಲ ಮಾರುತ್ತಾರೆ, ಕೊಬ್ಬರಿ ಬಿಸಿಬೇಳೆಬಾತಿಗೆ ಹೋಗುತ್ತದೋ ಬೋಸ್ಟನ್‌ಗೆ ಹೋಗುತ್ತದೋ ಅವರಿಗೇನು ಗೊತ್ತು? ಹಡಗಿನ ಅಂಗಡಿಗೆ ಬರುವವರೆಲ್ಲ ಪ್ರಯಾಣಿಕರೇ. ಕೋಣೆಯ ಕಾರ್ಡನ್ನೇ ಉಜ್ಜಿ ಹಣ ತೆಗೆದುಕೊಳ್ಳುವುದರಿಂದ ಕೊಂಡವರ ಹೆಸರು, ವಿಳಾಸ ಎಲ್ಲ ಕಂಪ್ಯೂಟರಿನಲ್ಲಿದೆ. ಬಂದರಿನಿಂದ ವಿಮಾನ ನಿಲ್ದಾಣಕ್ಕೆ ಬಸ್ಸಿನ ಟಿಕೆಟ್ಟನ್ನೂ ಎಷ್ಟೋ ಕಂಪನಿಗಳು ತಾವೇ ಮಾರುತ್ತವೆ. ಗಿರಾಕಿ ಎಲ್ಲಿಗೆ ಹೋಗುತ್ತಾರೋ ತಿಳಿಯದು ಎಂಬ ಮಾತು ಅವರ ಬಾಯಲ್ಲಿ ಒಪ್ಪುವುದಿಲ್ಲ. ಆಗದ ಕೆಲಸವೂ ಅಲ್ಲ. ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಯವರು ಬೋರ್ಡಿಂಗ್ ಪಾಸ್ ಕೇಳುತ್ತಾರೆ, ಮುಂದೆ ವಿಮಾನ ಬದಲಿಸುವವರಿಗೆ ಬಿಚ್ಚಿದರೆ ಗೊತ್ತಾಗುವಂಥ ಚೀಲದಲ್ಲಿ ಬಾಟಲಿ ಸೀಲ್ ಮಾಡಿ ಕೊಡುತ್ತಾರೆ. ಹಡಗಿನವರು ಅಷ್ಟೂ ಮಾಡಬೇಕಿಲ್ಲ. ‘ವಿಮಾನದಲ್ಲಿ ಕೈಚೀಲಕ್ಕೆ ಸಲ್ಲದು’ ಎಂದು ರಸೀದಿಯ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಹಾಕಲಿ, ಸೂಟ್‌ಕೇಸ್ ಹೊರಗಿಡುವ ಹಿಂದಿನ ದಿನವೇ ಬಾಟಲಿ ಕೊಡಲಿ. ಆಗ ಕುಡಿದುಬಿಡುತ್ತಾರಲ್ಲ ಅನ್ನುತ್ತೀರೇನೋ. ಕುಡಿದವರು ನನ್ನ ಬಳಿಗೆ ಬಾಟಲಿ ತರುವುದಿಲ್ಲ.

ಪ್ರಶ್ನೆ: ಅದಕ್ಕಿಂತ ಈ 100 ಮಿಲಿಲೀಟರ್ ನಿಯಮವನ್ನೇ ತೆಗೆದರೆ ಒಳ್ಳೆಯದಲ್ಲವೇ? ಎಲ್ಲ ನಾಟಕ ಅನ್ನುವವರಿದ್ದಾರೆ.

ಟ್ರೇ: ನಾಟಕ ಅನ್ನುವವರಿಗೆ ಆಧಾರವಿದೆ, ಮುಚ್ಚಿಡುವುದೇಕೆ? 2015ರಲ್ಲಿ ಹೊರಬಿದ್ದ ಆಂತರಿಕ ಪರೀಕ್ಷೆಯಲ್ಲಿ 70 ಸಲ ನಕಲಿ ಆಯುಧ, ನಕಲಿ ಬಾಂಬು ಕಳಿಸಿ ನೋಡಿದರೆ 67 ಸಲ ನಮ್ಮವರಿಗೆ ಸಿಗಲಿಲ್ಲ. ದಳದ ಹಂಗಾಮಿ ಮುಖ್ಯಸ್ಥರ ಕುರ್ಚಿ ಹೋಯಿತು. ಆದರೆ ಇನ್ನೊಂದು ಲೆಕ್ಕವೂ ಇದೆ. 2023ರಲ್ಲಿ ಅಮೆರಿಕದ ನಿಲ್ದಾಣಗಳಲ್ಲಿ ಕೈಚೀಲಗಳಿಂದ ಸಿಕ್ಕ ಬಂದೂಕುಗಳು 6,737. ನೂರಕ್ಕೆ 93ರಲ್ಲಿ ಗುಂಡು ತುಂಬಿತ್ತು. ದ್ರವದ ನಿಯಮವೂ ಗಾಳಿಯಲ್ಲಿ ಹುಟ್ಟಿದ್ದಲ್ಲ. 2006ರ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ ಬಯಲಾದದ್ದು ತಂಪು ಪಾನೀಯದ ಬಾಟಲಿಗಳಲ್ಲಿ ಸ್ಫೋಟಕ ತುಂಬಿ ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸುವ ಸಂಚು. 2009ರಲ್ಲಿ ಬ್ರಿಟಿಷ್ ನ್ಯಾಯಾಲಯ ಮೂವರನ್ನು ಆ ಸಂಚಿನ ಅಪರಾಧಿಗಳೆಂದು ತೀರ್ಮಾನಿಸಿತು. ನಿಮ್ಮ ಬಾಟಲಿ ರಮ್ಮೇ ಎಂದು ಇಲ್ಲಿ ಎಲ್ಲರಿಗೂ ಗೊತ್ತು, ಇಲ್ಲದಿದ್ದರೆ ಜನರ ಮಧ್ಯದ ತೊಟ್ಟಿಗೆ ಅದನ್ನು ಎಸೆಯುತ್ತಿರಲಿಲ್ಲ. ಆದರೆ ಹಳೆಯ ಯಂತ್ರಕ್ಕೆ ರಮ್ಮಿಗೂ ಇನ್ನೊಂದಕ್ಕೂ ವ್ಯತ್ಯಾಸ ಬೇಗ ಹೇಳಲು ಬಾರದು. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್ ಮಾದರಿಯ ಯಂತ್ರ ಬಂದ ಎಡಿನ್‌ಬರೋದಲ್ಲಿ 2025ರಿಂದ ಎರಡು ಲೀಟರ್‌ವರೆಗಿನ ಬಾಟಲಿಗಳನ್ನೂ ಬಿಡುತ್ತಿದ್ದಾರೆ. ಯಂತ್ರ ಸುಧಾರಿಸಿದರೆ ನಿಯಮ ತಾನೇ ಸಡಿಲವಾಗುತ್ತದೆ. ಇಲ್ಲಿ ಎರಡು ದಶಕ ಶೂ ಹೊತ್ತವನು ನಾನು, 2025ರ ಜುಲೈನಲ್ಲಿ ಅದರಿಂದ ಬಿಡುಗಡೆ ಸಿಕ್ಕಿತು. ನಿಯಮ ಬದಲಾಗುವವರೆಗೆ ಅದನ್ನು ಹೇಳಿ ಮಾರಿ ಎಂಬುದಷ್ಟೇ ನನ್ನ ತಕರಾರು.

ಪ್ರಶ್ನೆ: ಮುಂದಿನ ತಿಂಗಳು ಹಡಗು ಹತ್ತಲಿರುವ ನಮ್ಮ ಓದುಗರಿಗೆ ಏನು ಹೇಳುತ್ತೀರಿ?

ಟ್ರೇ: ಬಂದರಿನ ಹಾಲ್‌ನಲ್ಲಿ ಸೂಟ್‌ಕೇಸ್ ಮತ್ತೆ ನಿಮ್ಮ ಕೈಗೆ ಬರುತ್ತದೆ. ನಾಚಿಕೆಪಡದೆ ಒಂದು ಮೂಲೆಯಲ್ಲಿ ಅದನ್ನು ಬಿಚ್ಚಿ. ಬಾಟಲಿ, ಸಾಸ್, ಸನ್‌ಸ್ಕ್ರೀನ್ ಒಳಗೆ ಹೋಗಲಿ. ಪಾಸ್‌ಪೋರ್ಟ್, ಮಾತ್ರೆ, ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ. ಮದ್ಯದಂಶ ಶೇಕಡ 24ರಿಂದ 70ರವರೆಗೆ ಇದ್ದರೆ ಸೀಲ್ ಒಡೆಯದ ಬಾಟಲಿಗಳು ತಲೆಗೆ ಐದು ಲೀಟರ್‌ವರೆಗೆ ಸೂಟ್‌ಕೇಸಿನಲ್ಲಿ ಹೋಗಬಹುದು. 70 ದಾಟಿದ್ದು ಎಲ್ಲಿಯೂ ಸಲ್ಲದು. ಸೂಟ್‌ಕೇಸನ್ನು ಹಡಗಿನಿಂದ ನೇರ ವಿಮಾನಕ್ಕೆ ಕಳಿಸುವ ಸೌಲಭ್ಯ ತೆಗೆದುಕೊಂಡಿದ್ದರೆ ಕೊನೆಯ ರಾತ್ರಿ ಕೈಗೆ ಬರುವ ಬಾಟಲಿಯನ್ನು ಕೊಳ್ಳಲೇಬೇಡಿ. ಕಸ್ಟಮ್ಸ್‌ನವರು ಹಣ್ಣು ಇದೆಯೇ ಎಂದಾಗ ಇದೆ ಅನ್ನಿ. ಹೇಳಿದರೆ ಹೋಗುವುದು ಹಣ್ಣು ಮಾತ್ರ, ಹೇಳದೆ ಸಿಕ್ಕಿಬಿದ್ದರೆ ಹಣ್ಣಿನ ಜೊತೆಗೆ ದಂಡವೂ ಇದೆ.