ಚೌಕಾಸಿ: ಬಳಕೆದಾರರ ಕೈಪಿಡಿ (ಚಿಕ್ಕಪೇಟೆ ಮಾದರಿ)

ಈ ಕೈಪಿಡಿ ಬೆಂಗಳೂರಿನ ಚಿಕ್ಕಪೇಟೆಯ ಸೀರೆ ಅಂಗಡಿಗಳಿಗೆ ಹೊಂದುವಂತೆ ಸಿದ್ಧವಾಗಿದೆ. ಮನೆಯಲ್ಲೇ ಪೂರ್ತಿ ಓದಿಕೊಳ್ಳಿ. ಚಪ್ಪಲಿ ಬಿಟ್ಟು ಬಿಳಿ ಹಾಸಿಗೆಯ ಮೇಲೆ ಕೂತಮೇಲೆ ಓದಲು ಪುರುಸೊತ್ತು ಸಿಗುವುದಿಲ್ಲ.

1. ಎಲ್ಲಿ ನಡೆಯುವುದಿಲ್ಲ

ಕೆಎಸ್‌ಐಸಿಯ ಮೈಸೂರು ಸಿಲ್ಕ್ ಮಳಿಗೆಯಲ್ಲಿ ಪ್ರಯತ್ನಿಸಬೇಡಿ. ಅಲ್ಲಿ ಬೆಲೆ ಸರ್ಕಾರದ್ದು. ಕೌಂಟರಿನವರ ಮನಸ್ಸು ಕರಗಿದರೂ ಬೆಲೆ ಕರಗದು. ಖಾದಿ ಭಂಡಾರದಲ್ಲಿ ಕೇಳುವುದಕ್ಕಿಂತ ಕಾಯುವುದು ಮೇಲು, ಗಾಂಧಿ ಜಯಂತಿಗೆ ರಿಯಾಯಿತಿ ತಾನಾಗಿ ಬರುತ್ತದೆ. ಮಾಲ್‌ನಲ್ಲಿ ಬಿಲ್ ಹಾಕುವ ಹುಡುಗ "ಸಿಸ್ಟಮ್ ತಗೊಳ್ಳಲ್ಲ ಮೇಡಂ" ಎಂದರೆ ನಂಬಿ.

ಪೊಟ್ಟಣದ ಮೇಲೆ ಎಂಆರ್‌ಪಿ ಇದ್ದರೆ ಅದಕ್ಕಿಂತ ಹೆಚ್ಚು ಕೀಳುವಂತಿಲ್ಲ ಎನ್ನುತ್ತವೆ 2011ರ ಪ್ಯಾಕೇಜ್ ಸರಕು ನಿಯಮಗಳು. ಕಡಿಮೆಗೆ ಕೊಡಲು ಅಡ್ಡಿಯಿಲ್ಲ. ಆದರೆ ಕಾನೂನು ಹೇಳಿ ರಿಯಾಯಿತಿ ಕೇಳಿದವರಿಗೆ ಕಾನೂನಷ್ಟೇ ಸಿಗುತ್ತದೆ.

2. ಯಾವಾಗ

ಆಷಾಢ ಶ್ರೇಷ್ಠ. ಮದುವೆ ಮುಂಜಿ ಇಲ್ಲದ ತಿಂಗಳು, ಅಂಗಡಿಯವರೇ ಬೋರ್ಡು ಕಟ್ಟಿ ಕರೆಯುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರವಾದರೆ ಕೂರಲು ಜಾಗ ಸಿಕ್ಕಿದ್ದೇ ರಿಯಾಯಿತಿ. ದಿನದಲ್ಲಿ ಬೋಣಿಯ ಹೊತ್ತು ಒಳ್ಳೆಯದು, ಮೊದಲ ಗಿರಾಕಿ ಬರಿಗೈಲಿ ಹೋಗಬಾರದೆಂಬ ನಂಬಿಕೆ ನಿಮ್ಮ ಪರವಾಗಿರುತ್ತದೆ. ತೀರಾ ಜಗ್ಗಿದರೆ "ಬೋಣಿ ಟೈಮು ಅಮ್ಮ, ಎಳೀಬೇಡಿ" ಎಂದು ಅದೇ ನಂಬಿಕೆ ತಿರುಗಿಬೀಳುತ್ತದೆ.

3. ಕಾರ್ಯತತ್ತ್ವ

ಬೆಲೆ ಇಳಿಸುವ ಮನಸ್ಸು ಅಂಗಡಿಯವರಿಗೆ ಮೊದಲೇ ಇರುತ್ತದೆ, ಇಲ್ಲದ್ದು ನೆಪ. ಅದನ್ನು ಒದಗಿಸುವುದಷ್ಟೇ ಗಿರಾಕಿಯ ಕೆಲಸ. "ಬಾರ್ಡರ್ ಡಲ್ಲು", "ಬಣ್ಣ ಬಿಡುತ್ತೇನೋ" ಎಂದು ಐಬು ಹುಡುಕುವವರು ಈ ತತ್ತ್ವ ಅರಿಯದವರು. ಸರಕನ್ನು ಜರಿದರೆ ಸೀರೆ ಮಡಚಿಕೊಂಡು ಕಪಾಟು ಸೇರುತ್ತದೆ. ಮೆಚ್ಚಿಕೊಂಡೇ ಕೇಳಿ. ಚಲಾವಣೆಯಲ್ಲಿರುವ ನೆಪಗಳು: ಹಳೇ ಗಿರಾಕಿ, ಮಗಳ ಮದುವೆ, ದೂರದೂರಿಂದ ಬಂದದ್ದು, ಕೊಡೋ ಸೀರೆ ಇನ್ನೂ ಹತ್ತು ಬೇಕಾಗಿರುವುದು. ಒಂದು ಸಲಕ್ಕೆ ಒಂದೇ ಬಳಸಿ.

4. ಬಳಸುವ ಕ್ರಮ

ಅ) ಸೀರೆ ಹಾಸುವ ಹುಡುಗನ ಹತ್ತಿರ ಚೌಕಾಸಿ ಬೇಡ. ಅವನು ಚೀಟಿ ತಿರುಗಿಸಿ ತೋರಿಸಬಲ್ಲ ಅಷ್ಟೆ. ಇಳಿಸುವ ಅಧಿಕಾರ ಗಲ್ಲಾದ ಮೇಲೆ ಕೂತವರದು.

ಆ) "ಕೊನೇ ರೇಟು ಹೇಳಿಬಿಡಿ ಅಣ್ಣ" ಎನ್ನಿ. ಅವರು ಹೇಳುವುದು ಎರಡನೇ ರೇಟು.

ಇ) "ಅಸಲೇ ಗಿಟ್ಟಲ್ಲ ಅಮ್ಮ" ಎನ್ನುತ್ತಾರೆ. ವಾದ ಬೇಡ. ಅವರ ಜೊತೆ ತುಸು ಮರುಗಿ, ಆದರೆ ಸೀರೆಯ ಮೇಲಿಂದ ಕೈ ತೆಗೆಯಬೇಡಿ.

ಈ) ನೀವು 3,000ದಲ್ಲಿ, ಅವರು 3,600ರಲ್ಲಿ ನಿಂತಾಗ ಯಾರಾದರೊಬ್ಬರು "ನಿಮಗೂ ಬೇಡ, ನಮಗೂ ಬೇಡ" ಎನ್ನಬೇಕು. ಅಲ್ಲಿಗೆ 3,300ಕ್ಕೆ ವ್ಯಾಪಾರ ಮುಗಿಯಿತು. ಆಮೇಲೆ ಇನ್ನೊಂದು ನೂರು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ.

ಉ) ದುಡ್ಡು ನಿಂತಲ್ಲಿ ವಸ್ತು ಶುರು. ಒಂದು ಫಾಲ್, ಒಂದು ಬ್ಲೌಸ್ ಪೀಸ್, ಗಟ್ಟಿ ಕೈಚೀಲ.

5. ದೋಷ ನಿವಾರಣೆ

ದೋಷ: "ಚಿಲ್ಲರೆ ಇಲ್ಲ, ರೌಂಡ್ ಮಾಡ್ಕೊಳ್ಳಿ" ಕೆಲಸ ಮಾಡುತ್ತಿಲ್ಲ.
ಕಾರಣ: ಯುಪಿಐ. ಈಗ 3,347 ರೂಪಾಯಿಯೂ ಒಂದು ರೂಪಾಯಿ ಮುಕ್ಕಾಗದೆ ದಾಟುತ್ತದೆ. ಈ ಭಾಗವನ್ನು ರಿಪೇರಿ ಮಾಡಲಾಗದು.

ದೋಷ: ಎದ್ದು ಹೊರಟರೂ ಯಾರೂ ಕರೆಯಲಿಲ್ಲ.
ಕಾರಣ: ಅವರು ಹೇಳಿದ ಬೆಲೆ ನಿಜವಾದದ್ದು.
ಪರಿಹಾರ: ಛತ್ರಿ ಬಿಟ್ಟುಹೋಗಿದ್ದೆ ಎನ್ನುತ್ತಾ ವಾಪಸ್ ಬನ್ನಿ. ಹೊರಡುವಾಗಲೇ ಛತ್ರಿ ಬಿಟ್ಟಿರುವುದು ಕ್ಷೇಮ.

6. ಎಚ್ಚರಿಕೆ

ಅಂಗಡಿಯ ಮೆಟ್ಟಿಲ ಪಕ್ಕ ಹೂ ಮಾರುವವರ ಹತ್ತಿರ ಇದನ್ನು ಪ್ರಯೋಗಿಸಬೇಡಿ. ಮೊಳ ಅಳೆದು ಕತ್ತರಿಸುವ ಮುನ್ನ ಅವರ ಬೆರಳು ಒಂದಿಷ್ಟು ಮುಂದೆ ಜಾರುತ್ತದೆ. ಸುಮ್ಮನೆ ನಿಂತರೆ ಸಾಕು.

7. ವಾರಂಟಿ

ಗಲ್ಲಾದವರು ಮುಖ ಸಪ್ಪಗೆ ಮಾಡಿಕೊಂಡು, ನಿಟ್ಟುಸಿರು ಬಿಟ್ಟು ಬಿಲ್ ಬರೆದರೆ ಗಾಬರಿಯಾಗಬೇಡಿ. ಸೋತಂತೆ ಕಾಣುವುದೂ ರಿಯಾಯಿತಿಯ ಭಾಗವೇ, ಅದಕ್ಕೆ ಬೇರೆ ದುಡ್ಡಿಲ್ಲ. ಪ್ರತಿಯಾಗಿ ನೀವೂ "ಸ್ವಲ್ಪ ಜಾಸ್ತಿನೇ ಆಯ್ತು" ಎಂದು ಗೊಣಗಿಕೊಂಡೇ ಚೀಲ ಎತ್ತಿಕೊಳ್ಳಿ. ಗೆದ್ದ ನಗೆಯನ್ನು ರಸ್ತೆಯ ತಿರುವು ದಾಟುವವರೆಗೆ ತಡೆಹಿಡಿಯಿರಿ. ಅವರೂ ಅಲ್ಲಿಯವರೆಗೆ ತಡೆಹಿಡಿದಿರುತ್ತಾರೆ.