ಮಡಿಲಲ್ಲೋ ಮುಗಿಲಲ್ಲೋ

ತಂತ್ರಾಂಶ ಬರೆಯುವವರಲ್ಲಿ ಎರಡು ಪಂಥಗಳಿದ್ದು, ಕಂಪೈಲರ್, ಡೇಟಾಬೇಸ್ ಎಲ್ಲವನ್ನೂ ಸ್ವಂತ ಲ್ಯಾಪ್‌ಟಾಪಿನಲ್ಲೇ ತುಂಬಿಕೊಳ್ಳುವುದು ಒಂದಾದರೆ, ಲ್ಯಾಪ್‌ಟಾಪನ್ನು ಬರಿಯ ಪರದೆ ಮತ್ತು ಕೀಲಿಮಣೆಯಾಗಿಸಿ ದುಡಿಮೆಯನ್ನೆಲ್ಲ ಮುಗಿಲಿಗೆ (ಕ್ಲೌಡ್), ಅಂದರೆ ದೂರದ ಸರ್ವರಿಗೆ ವಹಿಸುವುದು ಇನ್ನೊಂದು. ಮೊದಲನೆಯವರನ್ನು ಫ್ಯಾನಿನ ಸದ್ದಿನಿಂದಲೇ ಗುರುತಿಸಬಹುದು. ನಾಲ್ಕೈದು ಡಾಕರ್ ಕಂಟೇನರುಗಳು, ಅಂದರೆ ಪ್ರೋಗ್ರಾಮನ್ನು ಅದರ ಸಾಮಾನು ಸರಂಜಾಮಿನೊಡನೆ ಕಟ್ಟಿಟ್ಟ ಗಂಟುಗಳು, ಒಟ್ಟಿಗೇ ಓಡತೊಡಗಿದರೆ 8 ಜಿಬಿ ಮೆಮೊರಿ ಏದುಸಿರು ಬಿಡುತ್ತದೆ, ತೊಡೆ ಕಾಯುತ್ತದೆ (ಬೆಂಗಳೂರಿನ ಡಿಸೆಂಬರಿನಲ್ಲಿ ಇದನ್ನು ದೋಷವೆನ್ನಲಾಗದು).

ಎರಡನೆಯವರ ಮೂಲಮಂತ್ರ ಎಸ್‌ಎಸ್‌ಎಚ್, ಎಂದರೆ 1995ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ, ದೂರದ ಗಣಕದೊಡನೆ ಗುಟ್ಟಾಗಿ ಮಾತನಾಡುವ ವಿಧಾನ. ಇವರಿಗೆ ಮೆಮೊರಿಯ ಬರವಿಲ್ಲ, ತಕರಾರಿರುವುದು ಭೂಗೋಳದೊಡನೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿ.ಮೀ. ಓಡಿದರೂ, ಸರ್ವರ್ ಅಮೆರಿಕದ ವರ್ಜೀನಿಯಾದಲ್ಲಿದ್ದರೆ ಬೆಂಗಳೂರಿನಲ್ಲಿ ಒತ್ತಿದ ಅಕ್ಷರವು ಹೋಗಿ ಬರುವಷ್ಟರಲ್ಲಿ ಸೆಕೆಂಡಿನ ಐದನೆಯ ಒಂದು ಭಾಗವಾದರೂ ಕಳೆದು, ಬೆರಳು ಮುಂದಿನ ಅಕ್ಷರಕ್ಕೆ ದಾಟಿರುತ್ತದೆ. 2012ರಲ್ಲಿ ಬಂದ ಮೋಶ್ ಎಂಬ ಸಾಧನವು ಅಕ್ಷರವನ್ನು ಊಹಿಸಿ ಮೊದಲೇ ತೋರಿಸಿ, ಸರ್ವರಿನ ಒಪ್ಪಿಗೆ ಬರುವವರೆಗೆ ಅದಕ್ಕೊಂದು ಅಡಿಗೆರೆ ಎಳೆದಿಡುತ್ತದೆ.

ಸರ್ವರನ್ನು ಮುಂಬೈಗೆ ತಂದರೆ ಈ ಕಾಯುವಿಕೆ ಬಹುಮಟ್ಟಿಗೆ ನೀಗುವುದರಿಂದ, ಬರೆಯುವುದನ್ನು ಮಡಿಲಲ್ಲೂ ಭಾರದ ಕಂಪೈಲನ್ನು ಮುಗಿಲಲ್ಲೂ ನಡೆಸುವುದೇ ಜಾಣತನ. ಆದರೆ ಶುಕ್ರವಾರ ಸಂಜೆ ಆರಿಸಲು ಮರೆತ ಸರ್ವರ್ ಶನಿವಾರ, ಭಾನುವಾರಗಳಲ್ಲೂ ನಿಷ್ಠೆಯಿಂದ ಬಿಲ್ಲು ಬರೆಯುತ್ತಿರುತ್ತದೆ.