ವುಡ್‌ಸೈಡ್‌ನ ಪ್ಯೂಮಾ ಅವರಿಗೊಂದು ಬಹಿರಂಗ ಪತ್ರ

ಶ್ರೀಯುತ ಪ್ಯೂಮಾ (ಬೆಟ್ಟದ ಸಿಂಹ) ಅವರಿಗೆ,
ಸಾಂತಾ ಕ್ರೂಜ್ ಬೆಟ್ಟಸಾಲು, ಕ್ಯಾಲಿಫೋರ್ನಿಯಾ.

ತಮ್ಮ ಹೆಸರು ಹೇಳಿಕೊಂಡು ಊರೊಂದು ರಾಜ್ಯದ ಕಾನೂನಿಗೇ ಅಡ್ಡ ನಿಂತಿದ್ದ ಸಂಗತಿ ತಮ್ಮ ಕಿವಿಗೆ ಬಿದ್ದಿರಲಿಕ್ಕಿಲ್ಲ. ತಮ್ಮನ್ನು ಒಂದು ಮಾತು ಕೇಳಿ ಮಾಡಿದ ಕೆಲಸವೇನೂ ಅಲ್ಲ ಅದು. ಹಾಗಾಗಿ ತಡವಾದರೂ ತಮಗೆ ತಿಳಿಸುವುದು ಧರ್ಮ.

2021ರ ಸೆಪ್ಟೆಂಬರಿನಲ್ಲಿ ಗವರ್ನರ್ ಗ್ಯಾವಿನ್ ನ್ಯೂಸಮ್ ಎಸ್‌ಬಿ 9 ಎಂಬ ಮಸೂದೆಗೆ ಸಹಿ ಹಾಕಿದರು. ಮರುವರ್ಷ ಜನವರಿ 1ರಿಂದ ಅದು ಜಾರಿಗೆ ಬಂತು. ಒಂದೇ ಮನೆಗೆ ಮೀಸಲಾಗಿದ್ದ ಸೈಟಿನಲ್ಲಿ ಇನ್ನು ಎರಡು ಮನೆ ಕಟ್ಟಬಹುದು. ಸೈಟನ್ನು ಇಬ್ಭಾಗ ಮಾಡಿಕೊಂಡರೆ ನಾಲ್ಕರವರೆಗೂ ಹೋಗಬಹುದು. ಊರಿನವರು ಸೆಟ್‌ಬ್ಯಾಕು, ಎತ್ತರ ಎಂದು ತಮ್ಮ ನಿಯಮ ಹಾಕಿಕೊಳ್ಳಲಿ, ಆದರೆ 800 ಚದರಡಿಯ ಎರಡು ಮನೆಗೆ ಜಾಗವೇ ಉಳಿಯದ ಹಾಗೆ ಹಾಕುವಂತಿಲ್ಲ. ಪಕ್ಕಕ್ಕೂ ಹಿಂದಕ್ಕೂ 4 ಅಡಿಗಿಂತ ಹೆಚ್ಚು ಬಿಡಿಸುವಂತಿಲ್ಲ. ಮನೆಗೆ ಒಂದು ಕಾರಿನ ಜಾಗಕ್ಕಿಂತ ಹೆಚ್ಚು ಕೇಳುವಂತಿಲ್ಲ. ಬೆಂಗಳೂರಿನ ಥರ್ಟಿ-ಫಾರ್ಟಿ ಸೈಟಿನಲ್ಲಿ ಕೆಳಗೆ ಓನರ್, ಮೇಲೆ ಮೂರು ಬಾಡಿಗೆ ಮನೆ, ಟೆರೇಸಿನಲ್ಲಿ ಶೀಟು ಹೊದಿಸಿದ ಬ್ಯಾಚುಲರ್ ರೂಮು ನೋಡಿ ಬೆಳೆದವರಿಗೆ ಇದರಲ್ಲೇನಿದೆ ಮಹಾ ಅನ್ನಿಸೀತು. ಅಮೆರಿಕದ ಉಪನಗರಗಳಿಗೆ ಮಾತ್ರ ಇದು ನಿದ್ದೆಗೆಡಿಸುವ ಸುದ್ದಿ.

ತಮ್ಮ ವುಡ್‌ಸೈಡ್ ತಿಂಗಳು ತುಂಬುವುದಕ್ಕೂ ಬಿಡಲಿಲ್ಲ. ಐದು ಸಾವಿರ ಚಿಲ್ಲರೆ ಜನರ ಊರು. ಸೈಟುಗಳು ಎಕರೆ ಲೆಕ್ಕದಲ್ಲಿ, ಕುದುರೆಗಳಿಗೇ ಬೇರೆ ದಾರಿ. ರಕ್ಷಿತ ಪ್ರಾಣಿಗಳು, ರಕ್ಷಣೆಯ ಪಟ್ಟಿಗೆ ಉಮೇದುವಾರಿಕೆಯಲ್ಲಿರುವ ಪ್ರಾಣಿಗಳು ವಾಸಿಸುವ ಜಾಗಕ್ಕೆ ಹೊಸ ಕಾನೂನಿನಲ್ಲಿ ವಿನಾಯಿತಿ ಇತ್ತು. ಈ ಭಾಗದ ತಮ್ಮ ಬಳಗ 2020ರ ಏಪ್ರಿಲಿನಿಂದ ಉಮೇದುವಾರರ ಸಾಲಿನಲ್ಲಿತ್ತು. ಅಷ್ಟು ಸಾಕಾಯಿತು. 2022ರ ಜನವರಿ 27ರಂದು ಊರಿನ ಆಡಳಿತ ಒಂದು ಟಿಪ್ಪಣಿ ಹೊರಡಿಸಿತು: ಊರಿಗೆ ಊರೇ ಪ್ಯೂಮಾಗಳ ಆವಾಸಸ್ಥಾನ, ಆದ್ದರಿಂದ ಇಲ್ಲಿನ ಒಂದೇ ಒಂದು ಸೈಟೂ ಎಸ್‌ಬಿ 9ರ ಮನೆಗೆ ಯೋಗ್ಯವಲ್ಲ.

ತಾವು ಆಗ ಎಲ್ಲಿದ್ದಿರೋ ಗೊತ್ತಿಲ್ಲ. ಊರಿನಲ್ಲೇ ಇದ್ದಿದ್ದರೆ ಒರಾಕಲ್‌ನ ಲ್ಯಾರಿ ಎಲಿಸನ್ ಅಲ್ಲಿ 23 ಎಕರೆಯಲ್ಲಿ ಕಟ್ಟಿಸಿರುವ ಜಪಾನೀ ಶೈಲಿಯ ಅರಮನೆಗೆ ಹೋಗಿ, ಗೇಟಿನ ಸೆಕ್ಯುರಿಟಿಯವರಿಗೆ ಟಿಪ್ಪಣಿ ತೋರಿಸಿ, ಕೊಳದ ದಂಡೆಯಲ್ಲಿ ಅಡ್ಡಾಗಬಹುದಿತ್ತು. ಸರ್ಕಾರಿ ಕಾಗದದ ಪ್ರಕಾರ ಅದೂ ತಮ್ಮ ಮನೆಯೇ ತಾನೆ? ಇನ್ನೊಂದು ಸೂಕ್ಷ್ಮವನ್ನೂ ತಾವು ಗಮನಿಸಬೇಕು. ತಡೆ ಬಿದ್ದದ್ದು ಎಸ್‌ಬಿ 9ರ ಮನೆಗಳಿಗೆ ಮಾತ್ರ. ಒಂದೇ ಸಂಸಾರಕ್ಕೆ ಹದಿನೈದು ಕೋಣೆ, ಈಜುಕೊಳ, ಕುದುರೆ ಲಾಯ ಕಟ್ಟಿಸುವುದನ್ನು ಆ ಟಿಪ್ಪಣಿ ನಿಲ್ಲಿಸಲಿಲ್ಲ. ಅದರಿಂದ ತಮಗೆ ಕಿಂಚಿತ್ತೂ ತೊಂದರೆಯಿಲ್ಲವಂತೆ. ಎರಡು ಸಂಸಾರಕ್ಕೆ ಎರಡೆರಡು ಕೋಣೆ ಕಟ್ಟಿದರೆ ಮಾತ್ರ ತಮ್ಮ ವಂಶ ನಿರ್ವಂಶ.

ರಾಜ್ಯದ ಅಟಾರ್ನಿ ಜನರಲ್ ರಾಬ್ ಬೊಂಟಾ ಅವರಿಗೆ ಇಂಥ ಪ್ರಾಣಿದಯೆ ಅರ್ಥವಾಗಲಿಲ್ಲ. ಫೆಬ್ರವರಿ 6ರಂದು ಪತ್ರ ಬರೆದು, ಆಗಲೇ ಮನೆ ಎದ್ದು ನಿಂತಿರುವ ಸೈಟನ್ನು ಕಾಡುಪ್ರಾಣಿಯ ನೆಲೆ ಎನ್ನಲಾಗದು ಎಂದರು. ವನ್ಯಜೀವಿ ಇಲಾಖೆಯೂ ಇಡೀ ಊರನ್ನು ಆವಾಸಸ್ಥಾನ ಎನ್ನಲು ಒಪ್ಪಲಿಲ್ಲ. ಕೌನ್ಸಿಲ್ ತುರ್ತು ಸಭೆ ಸೇರಿ ಟಿಪ್ಪಣಿಯನ್ನು ವಾಪಸು ಪಡೆಯಿತು. ಹೀಗೆ ತಾವು ಹತ್ತೇ ದಿನ ಊರಿನ ಯಜಮಾನರಾಗಿದ್ದು, ತಮಗೇ ತಿಳಿಯದಂತೆ ಪದವಿಯಿಂದ ಇಳಿದಿರಿ.

ಪಕ್ಕದ ಆದರ್ಟನ್‌ನವರಿಗೆ ತಮ್ಮ ನೆರವೂ ಬೇಕಾಗಲಿಲ್ಲ. ಅಲ್ಲಿ ಬಹುಪಾಲು ಕಡೆ ಒಂದು ಸೈಟಿಗೆ ಒಂದೆಕರೆ ಇರಲೇಬೇಕು, ಅಂದರೆ ಮೂವತ್ತಾರು ಥರ್ಟಿ-ಫಾರ್ಟಿ ಹಿಡಿಸುವಷ್ಟು ನೆಲ. 2031ರೊಳಗೆ 348 ಮನೆಗಳಿಗೆ ಅವಕಾಶ ಮಾಡಿಕೊಡಿ ಎಂದು ರಾಜ್ಯ ಹೇಳಿತ್ತು. ಊರಿನವರು ಕೆಲವು ಸೈಟುಗಳಲ್ಲಿ ಅಪಾರ್ಟ್‌ಮೆಂಟಿಗೆ ಅವಕಾಶ ಕೊಡುವ ಕರಡು ತಯಾರಿಸಿದ್ದೇ ತಡ, 2022ರ ಜೂನಿನಲ್ಲಿ ಹೂಡಿಕೆದಾರ ಮಾರ್ಕ್ ಆಂಡ್ರೀಸನ್ ದಂಪತಿಯ ಇಮೇಲ್ ಬಂತು: ಬೆಲೆ ಬೀಳುತ್ತದೆ, ಗದ್ದಲ ಹೆಚ್ಚುತ್ತದೆ, ಟ್ರಾಫಿಕ್ ಆಗುತ್ತದೆ, ತೆಗೆದುಹಾಕಿ. ವಿರೋಧದ ಮುಖ್ಯ ಪದಗಳು ಕ್ಯಾಪಿಟಲ್ ಅಕ್ಷರಗಳಲ್ಲೇ ಇದ್ದವು. ಇವರೇ ಎರಡು ವರ್ಷದ ಹಿಂದೆ ‘ಕಟ್ಟುವ ಕಾಲ ಬಂದಿದೆ’ ಎಂಬರ್ಥದ ಶೀರ್ಷಿಕೆ ಕೊಟ್ಟು, ದೇಶ ಏನನ್ನೂ ಕಟ್ಟುತ್ತಿಲ್ಲ ಎಂದು ಮರುಗಿ ಪ್ರಬಂಧ ಬರೆದವರು. ಎಲ್ಲಿ ಕಟ್ಟಬೇಕೆಂದು ಅದರಲ್ಲಿ ವಿಳಾಸ ಕೊಟ್ಟಿರಲಿಲ್ಲ, ಪಾಪ.

ಮುಂದೆ, 2023ರ ಜನವರಿಯಲ್ಲಿ, ಬಾಸ್ಕೆಟ್‌ಬಾಲ್ ತಾರೆ ಸ್ಟೀಫನ್ ಕರಿ ಮತ್ತು ಅವರ ಪತ್ನಿಯೂ ಪತ್ರ ಬರೆದರು. ಪಕ್ಕದ ಸೈಟಿನಲ್ಲಿ ಸಾಲುಮನೆ ಬರುವುದು ಬೇಡ. ಬಂದೇ ಬರುವುದಾದರೆ ಎತ್ತರದ ಬೇಲಿ, ಮರೆಗೆ ಗಿಡ ಹಾಕಿಸಿಕೊಡಿ ಎಂದು ಕೇಳಿದರು. ಬೇಲಿ ಎಂದೊಡನೆ ತಾವು ಬೇಸರಪಡಬೇಡಿ. ತಾವು 15 ಅಡಿ ನೆಗೆಯಬಲ್ಲವರು. ಅದು ಟೀಚರುಗಳಿಗೂ ನರ್ಸುಗಳಿಗೂ ಹಾಕುವ ಬೇಲಿ.

ಇವರನ್ನಷ್ಟೇ ದೂರಿ ಫಲವಿಲ್ಲ. 1926ರಲ್ಲಿ ಓಹಾಯೋದ ಯೂಕ್ಲಿಡ್ ಊರಿನ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ವಲಯ ನಿಯಮಗಳನ್ನು ಎತ್ತಿಹಿಡಿಯಿತು. ತೀರ್ಪು ಬರೆದ ನ್ಯಾಯಮೂರ್ತಿ ಸದರ್‌ಲ್ಯಾಂಡ್, ಒಂಟಿ ಮನೆಗಳ ಬಡಾವಣೆಯ ನಡುವೆ ಬರುವ ಅಪಾರ್ಟ್‌ಮೆಂಟನ್ನು ಪರೋಪಜೀವಿಗೆ ಹೋಲಿಸಿದರು. ಆಮೇಲಿನದು ಆ ಪಾಠದ ಪಾರಾಯಣ.

ಇಷ್ಟಕ್ಕೂ ತಮ್ಮನ್ನು ನಿಜವಾಗಿ ಕೊಲ್ಲುತ್ತಿರುವುದು ಯಾವುದು ಎಂದು ತಮಗೆ ಹೇಳಬೇಕಾಗಿಲ್ಲ. ವುಡ್‌ಸೈಡನ್ನು ಸೀಳಿಕೊಂಡೇ ಹೋಗುವ 280ನೇ ಹೆದ್ದಾರಿ, ಅದರಂಥ ಇನ್ನಷ್ಟು ಹೆದ್ದಾರಿಗಳು. ಬೆಟ್ಟ ಬೆಟ್ಟಗಳ ನಡುವೆ ದಾರಿ ಕಡಿದುಹೋಗಿ ಒಳಗೊಳಗೇ ನಡೆಯುವ ಕೂಡಾವಳಿ. ಲಾಸ್ ಏಂಜಲಿಸ್ ಬಳಿ 101ನೇ ಹೆದ್ದಾರಿಯ ಮೇಲೆ ಕಾಡುಪ್ರಾಣಿಗಳಿಗೆಂದೇ ಸೇತುವೆ ಕಟ್ಟಲು 2022ರ ಏಪ್ರಿಲಿನಲ್ಲಿ ಗುದ್ದಲಿಪೂಜೆ ಮಾಡಿದ್ದು ಇದೇ ಕಾರಣಕ್ಕೆ. ಊರೊಳಗೆ ಮನೆ ಸಿಗದ ಟೀಚರು ಟ್ರೇಸಿಯಂಥ ದೂರದ ಊರಲ್ಲಿ ಮನೆ ಹಿಡಿದು, ಕತ್ತಲಿರುವಾಗಲೇ ಕಾರು ಹತ್ತುತ್ತಾರೆ. ಅಲ್ಲಿ ಗುಡ್ಡ ಬಗೆದು ಹೊಸ ಬಡಾವಣೆ, ಅದಕ್ಕೊಂದು ಹೊಸ ಲೇನು. ಎಕರೆಗೊಂದು ಮನೆ ಎಂಬ ನಿಯಮದಿಂದ ತಮಗೆ ಉಳಿದ ಕಾಡೆಷ್ಟು ಎಂದು ಕೌನ್ಸಿಲಿನವರನ್ನು ತಾವೇ ಒಮ್ಮೆ ಕೇಳಬಹುದು. ಸಾರ್ವಜನಿಕರಿಗೆ ಮಾತಾಡಲು ಸಭೆಯಲ್ಲಿ ಕೆಲವು ನಿಮಿಷ ಕೊಡುತ್ತಾರೆ.

ಹತ್ತಿರದ ಸನ್ನಿವೇಲ್, ಫ್ರೀಮಾಂಟ್‌ಗಳ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡದ ಸಂಸಾರಗಳೂ ಬೇಕಾದಷ್ಟಿವೆ. ಮೈಸೂರಿನಿಂದ ಆರು ತಿಂಗಳಿಗೆಂದು ಬಂದ ಅಪ್ಪ-ಅಮ್ಮನಿಗೆ ಹಾಲ್‌ನಲ್ಲಿರುವ ಸೋಫಾವೇ ರಾತ್ರಿ ಮಂಚ. ಬೆಳಗ್ಗೆ ಹಾಸಿಗೆ ಮಡಚಿದ ಮೇಲೆಯೇ ಮೊಮ್ಮಗನ ತಿಂಡಿ. 800 ಚದರಡಿಯ ಇನ್ನೊಂದು ಮನೆ ಎಂದರೆ ಅವರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ.

ಇಂತಿ,
ತಮ್ಮ ವಿಧೇಯ ಬಾಡಿಗೆದಾರರು

ವಿ.ಸೂ.: ಬೆಂಗಳೂರಿಗೆ ವಲಸೆ ಬರುವ ಯೋಚನೆಯಿದ್ದರೆ ಒಂದು ವಿಷಯ ತಿಳಿದಿರಲಿ. 2023ರ ಅಕ್ಟೋಬರ್ ಕೊನೆಯಲ್ಲಿ ತಮ್ಮ ನೆಂಟರಾದ ಚಿರತೆಯೊಬ್ಬರು ಕೂಡ್ಲು ಗೇಟ್ ಕಡೆಯ ಅಪಾರ್ಟ್‌ಮೆಂಟಿನೊಳಗೇ ಓಡಾಡಿ ಸಿಸಿಟಿವಿಯಲ್ಲಿ ಕಂಡರು. ನವೆಂಬರ್ 1ರಂದು ಹಿಡಿಯುವ ಕಾರ್ಯಾಚರಣೆಯಲ್ಲಿ ತೀರಿಕೊಂಡರು. ಆ ಜಾಗವನ್ನು ಚಿರತೆಯ ಆವಾಸಸ್ಥಾನ ಎಂದು ಯಾರೂ ಘೋಷಿಸಿರಲಿಲ್ಲ.